ಅರ್ಧಕ್ಕೇ ನಿಂತ ಮಾಹಿತಿಯನ್ನು ಎಣಿಸುವುದು ಹೇಗೆ?

1963ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಔಷಧ ಪರೀಕ್ಷೆಯೊಂದು ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಪಾಠವಾಗಿದೆ. ರಕ್ತದ ಕ್ಯಾನ್ಸರ್ ಹತೋಟಿಗೆ ಬಂದಿದ್ದ 21 ರೋಗಿಗಳಿಗೆ 6-ಎಂಪಿ ಎಂಬ ಔಷಧ ಕೊಟ್ಟರು, ಇನ್ನು 21 ಮಂದಿಗೆ ಔಷಧವಿಲ್ಲದ ಮಾತ್ರೆ. ಎರಡನೆಯ ಗುಂಪಿನ ಅಷ್ಟೂ ಜನರಿಗೆ ರೋಗ ಮರುಕಳಿಸಿತು. ಔಷಧ ಪಡೆದವರಲ್ಲಿ ಮರುಕಳಿಸಿದ್ದು 9 ಮಂದಿಗೆ. ಉಳಿದ 12 ಮಂದಿ ಇಂತಿಷ್ಟು ವಾರ ಚೆನ್ನಾಗಿದ್ದರು ಎಂಬುದಷ್ಟೇ ಗೊತ್ತು, ಆಮೇಲಿನದು ದಾಖಲೆಯಲ್ಲಿಲ್ಲ. ಇದಕ್ಕೆ ಸೆನ್ಸಾರಿಂಗ್ ಎನ್ನುತ್ತಾರೆ.

ಆ 12 ಮಂದಿಯನ್ನು ಕೈಬಿಟ್ಟರೆ ಮಧ್ಯಾಂಕ, ಅಂದರೆ ಅರ್ಧದಷ್ಟು ಮಂದಿಗೆ ರೋಗ ಮರುಕಳಿಸುವ ಹೊತ್ತು, 10 ವಾರ ಬರುತ್ತದೆ. ಗುಣ ಕಂಡವರನ್ನೇ ಹೊರಗಿಟ್ಟು ಔಷಧವನ್ನು ಅಳೆಯುವ ಈ ಲೆಕ್ಕ ಶುದ್ಧ ಅನ್ಯಾಯ.

ಪರಿಹಾರ 1958ರಲ್ಲೇ ಸಿಕ್ಕಿತ್ತು. ಬೆಲ್ ಲ್ಯಾಬ್ಸ್‌ನ ಎಡ್ವರ್ಡ್ ಕಾಪ್ಲನ್ ಸಮುದ್ರದಡಿಯ ಟೆಲಿಫೋನ್ ಕೇಬಲ್‌ಗಳ ನಿರ್ವಾತ ನಳಿಕೆಗಳ ಆಯುಷ್ಯ ಲೆಕ್ಕಹಾಕುತ್ತಿದ್ದರು, ಪಾಲ್ ಮೈಯರ್ ಕ್ಯಾನ್ಸರ್ ರೋಗಿಗಳದನ್ನು. ಬೇರೆ ಬೇರೆಯಾಗಿ ಬರೆದದ್ದು ಕೊನೆಗೆ ಒಂದೇ ಪ್ರಬಂಧವಾಯಿತು. ಅವರ ವಿಧಾನ ಸರಳ. 6ನೇ ವಾರ 21ರಲ್ಲಿ ಮೂವರಿಗೆ ಮರುಕಳಿಸಿತು, ಉಳಿದದ್ದು 18/21. ಅದೇ ವಾರ ಇನ್ನೊಬ್ಬರ ಮಾಹಿತಿ ನಿಂತಿತು. 7ನೇ ವಾರ ಕಣ್ಣೆದುರಿದ್ದ 17 ಮಂದಿಯಲ್ಲಿ ಒಬ್ಬರಿಗೆ ಮರುಕಳಿಸಿತು, ಅಂದರೆ 16/17. ಎರಡನ್ನೂ ಗುಣಿಸಿದರೆ 0.81. ಹೀಗೇ ಮುಂದುವರಿದರೆ ಮಧ್ಯಾಂಕ 23 ವಾರ! ಕಾಣೆಯಾದವರೂ ಕಾಣೆಯಾಗುವ ತನಕ ಲೆಕ್ಕದಲ್ಲಿರುತ್ತಾರೆ.

ಆದರೆ ಒಂದು ಷರತ್ತಿದೆ. ಮಾಹಿತಿ ನಿಲ್ಲುವುದಕ್ಕೂ ರೋಗದ ಗತಿಗೂ ಸಂಬಂಧ ಇರಬಾರದು. ಕಾಯಿಲೆ ಬಿಗಡಾಯಿಸಿದ್ದಕ್ಕೇ ರೋಗಿ ಬರುವುದು ಬಿಟ್ಟಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ಸೂತ್ರಕ್ಕಿಂತ ಇದನ್ನು ವಿಚಾರಿಸುವುದೇ ಮುಖ್ಯ ಎಂದು ನನ್ನ ಅನಿಸಿಕೆ.

1975ರಲ್ಲಿ ನಾರ್ವೆಯ ಓಡ್ ಆಲೆನ್ ಬರ್ಕ್ಲಿಯಲ್ಲಿ ಬರೆದ ಪ್ರೌಢಪ್ರಬಂಧ ಈ ಲೆಕ್ಕಕ್ಕೆ ಮಾರ್ಟಿಂಗೇಲ್ ಸಿದ್ಧಾಂತದ, ಅಂದರೆ ನ್ಯಾಯವಾದ ಜೂಜಿನಂತೆ ಮುಂದಿನ ಸರಾಸರಿ ಬದಲಾವಣೆ ಸೊನ್ನೆಯಾಗಿರುವ ಪ್ರಕ್ರಿಯೆಗಳ ಗಣಿತದ, ಅಡಿಪಾಯ ಹಾಕಿತು. ಈವರೆಗೆ ನಡೆದದ್ದು ತಿಳಿದಿದ್ದರೆ ಮುಂದಿನ ಕ್ಷಣದ ಅಪಾಯವನ್ನು ಅಂದಾಜಿಸಬಹುದು. ಆದರೆ 'ಈವರೆಗೆ' ಎನ್ನಲು ಕಾಲ ಒಂದೇ ಗೆರೆಯಲ್ಲಿ ಸಾಗಬೇಕು. ಒಬ್ಬರ ಒಂದು ಕಣ್ಣು 3ನೇ ವರ್ಷ, ಇನ್ನೊಂದು 8ನೇ ವರ್ಷ ದೃಷ್ಟಿ ಕಳೆದುಕೊಂಡಿತು, ಮತ್ತೊಬ್ಬರದು 5 ಮತ್ತು 4 ಎಂದಿಟ್ಟುಕೊಳ್ಳಿ. ಯಾರದು ಮೊದಲು? ಒಂದು ಕಣ್ಣಿನ ಲೆಕ್ಕದಲ್ಲಿ ಮೊದಲನೆಯವರದು, ಇನ್ನೊಂದರ ಲೆಕ್ಕದಲ್ಲಿ ಎರಡನೆಯವರದು; ಒಂದೇ ಉತ್ತರವಿಲ್ಲ. ಡೊರೊಟಾ ಡಾಬ್ರೊವ್ಸ್ಕಾ 1988ರಲ್ಲಿ ಕಾಪ್ಲನ್-ಮೈಯರ್ ವಿಧಾನವನ್ನು ಇಂಥ ಜೋಡಿ ಕಾಲಗಳಿಗೆ ವಿಸ್ತರಿಸಿದರು.

2002ರಲ್ಲಿ ಒಟ್ಟಾವದ ಗೇಲ್ ಇವಾನಾಫ್ ಮತ್ತು ಇಸ್ರೇಲ್‌ನ ಎಲಿ ಮೆರ್ಜ್‌ಬಾಕ್ ಕಾಲಬಿಂದುವನ್ನೇ ಬಿಟ್ಟು, ಅದರ ಜಾಗದಲ್ಲಿ ಗಣಗಳನ್ನು, ಅಂದರೆ ಬಿಂದುಗಳ ಗುಂಪುಗಳನ್ನು, ಇಟ್ಟರು. ಇಲ್ಲಿ ಮಾಹಿತಿ ಬೆಳೆಯುವುದು ಗಡಿಯಾರದ ಜೊತೆಯಲ್ಲ, ಗಣ ಹಿಗ್ಗಿದಂತೆ. ನಮಗೆ ಕಾಣುವ ಭಾಗವೂ ಒಂದು ಯಾದೃಚ್ಛಿಕ (ಆಕಸ್ಮಿಕವಾಗಿ ನಿರ್ಧಾರವಾಗುವ) ಗಣ, ಅದರಾಚೆ ಏನೂ ಕಾಣದು. ಆ ಗಣ ಎಲ್ಲಿ ನಿಲ್ಲುತ್ತದೆಂಬುದು ಅದರೊಳಗಿನ ಮಾಹಿತಿಯಿಂದಲೇ ತೀರ್ಮಾನವಾಗುವಂತಿದ್ದರೆ, ಆಲೆನ್ ಶೈಲಿಯ ಅಂದಾಜು ಇಲ್ಲೂ ನಿಲ್ಲುತ್ತದೆ, ಮಾಹಿತಿ ಹೆಚ್ಚಿದಂತೆ ನಿಜ ಬೆಲೆಯತ್ತ ಸರಿಯುತ್ತದೆ ಎಂದು ಅವರು ಸಾಧಿಸಿದರು.