ಟರ್ಬೊ ಪೆಟ್ರೋಲ್ ಓಡಿಸಿದವರಿಗೆ ಎಲೆಕ್ಟ್ರಿಕ್ ಕಾರು ಬೋರ್ ಆಗುತ್ತಾ?

ಪ್ರಶ್ನೆ: ಸರ್, ನನ್ನದು 2021ರ ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ (ಟರ್ಬೊ ಪೆಟ್ರೋಲ್), ಮ್ಯಾನುಯಲ್. ಇಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವ ಸ್ಟೇಜ್ 1 ರೀಮ್ಯಾಪ್ ಮಾಡಿಸಿದ್ದೇನೆ. ಮನೆಯಲ್ಲಿ ದೊಡ್ಡ ಕಾರು ಬೇಕು, ಅದೂ ಎಲೆಕ್ಟ್ರಿಕ್ಕೇ ಆಗಲಿ ಅಂತಿದ್ದಾರೆ. ಟೆಸ್ಟ್ ಡ್ರೈವ್‌ನಲ್ಲಿ ಪಿಕಪ್ ನೋಡಿ ದಂಗಾದೆ. ಆದರೆ ಆರು ತಿಂಗಳಾದ ಮೇಲೆ ಬೋರ್ ಆಗುತ್ತಾ? ಪೋಲೋ ಮಾರಿ ಆಮೇಲೆ ಅಳೋ ಹಾಗೆ ಆಗಬಾರದು.

ಉತ್ತರ: ಈ ಪ್ರಶ್ನೆ ನನಗೆ ಆಗಾಗ ಬರುತ್ತಲೇ ಇರುತ್ತದೆ. ಕಾರಿನ ಹೆಸರು ಬದಲಾಗುತ್ತದೆ, ಅಷ್ಟೇ. ಒಬ್ಬರದು ಆಕ್ಟೇವಿಯಾ ವಿಆರ್‌ಎಸ್, ಇನ್ನೊಬ್ಬರದು ಅಬಾರ್ತ್ ಪುಂಟೊ, ಭಯ ಮಾತ್ರ ಎಲ್ಲರದೂ ಒಂದೇ. ಸುತ್ತಿ ಬಳಸದೆ ಹೇಳುತ್ತೇನೆ. ವೇಗದ ಲೆಕ್ಕದಲ್ಲಿ ಬೋರ್ ಆಗುವುದಿಲ್ಲ, ಕೆಲಸದ ಲೆಕ್ಕದಲ್ಲಿ ಆಗಬಹುದು. ಎಲೆಕ್ಟ್ರಿಕ್ ಕಾರು ವೇಗವನ್ನು ಪುಕ್ಕಟೆ ಕೊಟ್ಟುಬಿಡುತ್ತದೆ. ಆ ವೇಗ ಬರಿಸಲು ನೀವು ಕೈಕಾಲಲ್ಲಿ ಮಾಡುತ್ತಿದ್ದ ಕೆಲಸವನ್ನೆಲ್ಲ ಕಿತ್ತುಕೊಳ್ಳುತ್ತದೆ. ನಿಮಗೆ ಖುಷಿ ಕೊಡುತ್ತಿದ್ದದ್ದು ಇವೆರಡರಲ್ಲಿ ಯಾವುದು ಅನ್ನುವುದನ್ನು ಮೊದಲು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ನಾನು ಶುರು ಮಾಡಿದ್ದು ಸೆಕೆಂಡ್ ಹ್ಯಾಂಡ್ ಪಾಲಿಯೋ 1.6ರಲ್ಲಿ. ಆಮೇಲೆ ಎಂಟು ವರ್ಷ ಒಂದು ಟರ್ಬೊ ಪೆಟ್ರೋಲ್ ಸೆಡಾನ್. ಈಗ ಎಲೆಕ್ಟ್ರಿಕ್ ಎಸ್‌ಯುವಿ. 60 ಯೂನಿಟ್ (ಕಿಲೋವ್ಯಾಟ್ ಅವರ್) ಆಸುಪಾಸಿನ ಬ್ಯಾಟರಿ, ಹಿಂದಿನ ಚಕ್ರ ತಿರುಗಿಸುವ ಮೋಟರ್, ತೂಕ 2 ಟನ್ ಹತ್ತಿರ. ಕಂಪನಿ ಹೆಸರು ಹೇಳುವುದಿಲ್ಲ, ಹೇಳಿದರೆ ಮಾತೆಲ್ಲ ಆ ಕಂಪನಿ ಸುತ್ತಲೇ ತಿರುಗುತ್ತದೆ.

ನಮ್ಮ ತಲೆಯಲ್ಲಿ ಎಲೆಕ್ಟ್ರಿಕ್ ಅಂದರೆ ನಿಧಾನ ಅಂತ ಕೂತದ್ದಕ್ಕೆ ಕಾರಣವೂ ಬೆಂಗಳೂರೇ. 2001ರಲ್ಲಿ ಇಲ್ಲೇ ರೇವಾ ಬಂತು. ಎರಡು ಬಾಗಿಲು, ಲೆಡ್ ಆಸಿಡ್ ಬ್ಯಾಟರಿ. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತರೆ ನಾವು ಹುಡುಗರು ನಗುತ್ತಿದ್ದೆವು. 2010ರಲ್ಲಿ ಆ ಕಂಪನಿ ಮಹೀಂದ್ರಾ ಕೈಗೆ ಹೋಯಿತು. ಈಗ ಅದೇ ಮಹೀಂದ್ರಾದ ಬಿಇ 6ರಲ್ಲಿ 79 ಯೂನಿಟ್ ಬ್ಯಾಟರಿಯದ್ದು 286 ಪಿಎಸ್, ಸೊನ್ನೆಯಿಂದ 100ಕ್ಕೆ 6.7 ಸೆಕೆಂಡ್ ಅಂತ ಕಂಪನಿಯೇ ಹೇಳುತ್ತದೆ. ಬಿವೈಡಿ ಸೀಲ್‌ನ ದೊಡ್ಡ ಮಾಡೆಲ್ 3.8 ಸೆಕೆಂಡ್. ನಿಮ್ಮ ಪೋಲೋ ಶೋರೂಮಿನಿಂದ ಬಂದಾಗ 110 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ರೀಮ್ಯಾಪ್ ಮಾಡಿಸಿದ್ದೀರಿ, ಇನ್ನಷ್ಟು ಸೇರಿಸಿಕೊಳ್ಳಿ. ಆದರೂ ಸಿಗ್ನಲ್‌ನಿಂದ ಎದ್ದು ಓಡುವುದರಲ್ಲಿ ಇವುಗಳ ಜೊತೆ ಪೈಪೋಟಿ ಇಲ್ಲ.

ಆದರೆ ಪೋಲೋದಲ್ಲಿ ಏನಿತ್ತು ನೆನಪು ಮಾಡಿಕೊಳ್ಳಿ. 1,500 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ಕೆಳಗೆ ಇಂಜಿನ್ ನಿದ್ದೆಯಲ್ಲಿರುತ್ತದೆ. 1,750 ದಾಟುತ್ತಿದ್ದ ಹಾಗೆ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎದ್ದು ಕೂತು ಎಳೆಯುತ್ತದೆ. ಆ ಜಾಗದಲ್ಲಿ ಇಂಜಿನ್ ಇಟ್ಟುಕೊಳ್ಳುವುದು ಡ್ರೈವರ್ ಕೆಲಸ. ಓವರ್‌ಟೇಕ್‌ಗೆ ಮುಂಚೆಯೇ ಮೂರನೇ ಗೇರಿಗೆ ಇಳಿಸಿ, ಕ್ಲಚ್ ಬಿಡುವ ಹೊತ್ತಿಗೆ ಒಂಚೂರು ಆಕ್ಸಿಲರೇಟರ್ ಕೊಟ್ಟು, ಸದ್ದು ಏರುವುದನ್ನು ಕಿವಿಯಲ್ಲೇ ಅಳೆದು, ಸರಿಯಾದ ಹೊತ್ತಿಗೆ ನಾಲ್ಕಕ್ಕೆ ಹಾಕಿದರೆ ಒಳಗೊಳಗೇ ಒಂದು ನಗು ಬರುತ್ತದಲ್ವಾ? ಅದು ಕಸುಬುದಾರನ ಖುಷಿ. ಮೋಟರಿಗೆ ಈ ಪೂರ್ವಸಿದ್ಧತೆ ಏನೂ ಬೇಡ. ಸೊನ್ನೆ ಆರ್‌ಪಿಎಂನಿಂದಲೇ ಪೂರ್ತಿ ಟಾರ್ಕ್. ಗೇರು ಒಂದೇ. ಪೆಡಲ್ ಒತ್ತಿದಿರಿ, ಕಾರು ಹೋಯಿತು. ನೀವು ಒತ್ತಿದರೂ ಅಷ್ಟೇ, ನಿಮ್ಮ ಮಾವ ಒತ್ತಿದರೂ ಅಷ್ಟೇ. ಹತ್ತು ವರ್ಷ ಕಲಿತ ಕೈಗೂ ನಿನ್ನೆ ಲೈಸೆನ್ಸ್ ತೆಗೆದ ಕೈಗೂ ವ್ಯತ್ಯಾಸ ತೋರಿಸದ ಕಾರು ಮೊದಮೊದಲು ಸ್ವಲ್ಪ ಅವಮಾನ ಮಾಡಿದ ಹಾಗೇ ಅನ್ನಿಸುತ್ತದೆ.

ಆದರೆ ಶಿರಾಡಿ ಘಾಟಿಗೆ ಹೋದ ದಿನ ನನ್ನ ಈ ಮುನಿಸು ಅರ್ಧ ಇಳಿಯಿತು. ಮಂಗಳೂರು ಕಡೆಯ ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರ್‌ಗಳ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಗೊತ್ತು. ಜಾಗ ಸಿಗುವುದು ಒಂದು ಕ್ಷಣ. ಪೆಟ್ರೋಲ್ ಕಾರಲ್ಲಿ ಗೇರ್ ಇಳಿಸಿ ಟರ್ಬೊ ಏಳುವಷ್ಟರಲ್ಲಿ ಆ ಕ್ಷಣ ಹೋಗಿರುತ್ತದೆ, ಇಲ್ಲವೇ ಧೈರ್ಯ ಹೋಗಿರುತ್ತದೆ. ಮೋಟರ್ ಕಾಯುವುದಿಲ್ಲ. 40ರಿಂದ 80 ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ನೀವು ಎದುರು ಬದಿಯಲ್ಲಿ ಇರುವ ಹೊತ್ತು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಇನ್ನೂ ಒಂದು ಲಾಭ ಕಂಡೆ. ಚಕ್ರ ಜಾರಲು ಹೊರಟರೆ ಮೋಟರಿನ ಎಳೆತವನ್ನು ಇಂಜಿನ್‌ಗಿಂತ ತುಂಬ ಬೇಗ ಕಡಿಮೆ ಮಾಡಬಹುದು. ಹಾಗಾಗಿ ಒದ್ದೆ ರಸ್ತೆಯಲ್ಲೂ ಅಷ್ಟು ಟಾರ್ಕ್ ಹೆದರಿಸುವುದಿಲ್ಲ.

ಮೇಲಿನ ವೇಗದಲ್ಲಿ ಕಥೆ ಬೇರೆ. ಒಂದು ವೇಗ ದಾಟಿದ ಮೇಲೆ ಮೋಟರಿನ ಟಾರ್ಕ್ ಇಳಿಯುತ್ತಾ ಹೋಗುತ್ತದೆ. ಅದಕ್ಕೇ 30ರಲ್ಲಿ ಬೆನ್ನಿಗೆ ಗುದ್ದಿದ ಕಾರು 120ರಲ್ಲಿ ಸಮಾಧಾನಿ ಆಗಿಬಿಡುತ್ತದೆ. ಅಲ್ಲಿ ಗಾಳಿಯ ತಡೆಯೂ ಸೇರುತ್ತದೆ. 80ರಲ್ಲಿ ಇದ್ದ ತಡೆ 120ಕ್ಕೆ ಎರಡೂಕಾಲು ಪಟ್ಟು. ಬ್ಯಾಟರಿ ಶೇಕಡಾ ನೋಡನೋಡುತ್ತಲೇ ಕರಗುತ್ತದೆ. ನಿಜ ಹೇಳಬೇಕೆಂದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮಿತಿಯೇ 100, ಮೇಲೆ ಕ್ಯಾಮೆರಾ ಕಣ್ಣು ಬೇರೆ. ಹಾಗಾಗಿ 120ರ ಮೇಲಿನ ದುಃಖವನ್ನು ನಾನು ಅಷ್ಟು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ನನಗೆ ನಿಜವಾಗಿ ತಡೆಯಲಾಗದ್ದು ತೂಕ. ನಿಮ್ಮ ಪೋಲೋ ತೂಗುವುದು 1,100 ಕೆಜಿ ಆಸುಪಾಸು. ಅದನ್ನು ಮಾರಿ 2 ಟನ್ನಿನ ಕಾರಿಗೆ ಹತ್ತಿದರೆ ಇನ್ನೊಂದು ಪೋಲೋವನ್ನು ಕೆಳಗೆ ಕಟ್ಟಿಕೊಂಡು ಓಡಿಸಿದ ಹಾಗೆ. ಬ್ಯಾಟರಿ ನೆಲಕ್ಕೆ ಹತ್ತಿರ ಇರುವುದರಿಂದ ತಿರುವಿನಲ್ಲಿ ವಾಲುವುದು ಕಡಿಮೆ, ಅದು ನಿಜ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ವೇಗ ಹೇಗೂ ಕಡಿಮೆ, ಅಲ್ಲಿ ತೂಕ ಗೊತ್ತೂ ಆಗುವುದಿಲ್ಲ. ಒಂದು ತಿರುವು ಮುಗಿಯುವ ಮೊದಲೇ ಆಚೆ ಕಡೆಗೆ ಇನ್ನೊಂದು ಬರುವ ರಸ್ತೆಗೆ ಹೋಗಿ ನೋಡಿ. ಪೋಲೋ ಬೆಕ್ಕಿನ ಮರಿ ಹಾಗೆ ಆ ಕಡೆ ಈ ಕಡೆ ಜಿಗಿಯುತ್ತಿತ್ತು. ಇದು ತಿರುಗುತ್ತದೆ, ಆದರೆ ಯೋಚಿಸಿ ತಿರುಗುತ್ತದೆ. ಸ್ಟೇರಿಂಗ್‌ನಲ್ಲಿ ರಸ್ತೆಯ ಸುದ್ದಿಯೂ ಕಡಿಮೆ. ಬ್ರೇಕ್ ಸ್ವಲ್ಪ ಮೊದಲೇ ಹಿಡಿಯಬೇಕು, ಟೈರ್ ಬೇಗ ಸವೆಯುತ್ತದೆ. ಸಾಫ್ಟ್‌ವೇರ್ ಏನೇ ಮಾಡಿದರೂ ಕಿಲೋ ಕಿಲೋನೇ.

ಘಾಟಿ ಇಳಿಯುವಾಗ ಮಾತ್ರ ಈ ತೂಕ ಸ್ವಲ್ಪ ದುಡ್ಡು ವಾಪಸ್ ಕೊಡುತ್ತದೆ. 2 ಟನ್ ಕಾರು 800 ಮೀಟರ್ ಎತ್ತರದಿಂದ ಇಳಿಯಿತು ಅಂದುಕೊಳ್ಳಿ. ಲೆಕ್ಕ ಹಾಕಿದರೆ ಅದರಲ್ಲಿ ಸುಮಾರು 4.4 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಇದೆ. ಗಾಳಿ, ಟೈರ್, ಮೋಟರ್ ತಮ್ಮ ಪಾಲು ತಿಂದು ಬ್ಯಾಟರಿಗೆ ಎರಡು ಮೂರು ಯೂನಿಟ್ ಸೇರಬಹುದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟರೇ ಜನರೇಟರ್ ಆಗಿ ಕಾರನ್ನು ಹಿಡಿಯುತ್ತದೆ, ಇದಕ್ಕೇ ರೀಜೆನ್ ಅನ್ನುವುದು. ಸೆಕೆಂಡ್ ಗೇರ್‌ನಲ್ಲಿ ಘಾಟಿ ಇಳಿದು ಅಭ್ಯಾಸ ಇರುವ ಕಾಲಿಗೆ ಇದು ಒಂದೇ ದಿನದಲ್ಲಿ ಒಗ್ಗುತ್ತದೆ. ಕಾಲಿನ ಒತ್ತಡ ಅಳೆದು ಒಂದೇ ಪೆಡಲ್‌ನಲ್ಲಿ ತಿರುವಿಗೆ ಸರಿಯಾದ ವೇಗ ಹೊಂದಿಸುವುದರಲ್ಲಿ ನನಗೆ ಹೊಸ ಕಸುಬು ಒಂದು ಸಿಕ್ಕಿತು. ಹಿಂದೆ ಕೂತವರಿಗೆ ಸಿಕ್ಕಿದ್ದು ವಾಂತಿ. ಮನೆಯವರ ಜೊತೆ ಇದ್ದಾಗ ರೀಜೆನ್ ಕಡಿಮೆ ಮಟ್ಟದಲ್ಲಿಡಿ.

ಇಲ್ಲೇ ನನ್ನದೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಕೊಟ್ಟಿಗೆಹಾರದ ಹತ್ತಿರ ಹೋಮ್‌ಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜ್‌ಗೆ ಹಾಕಿ 100 ಮಾಡಿಕೊಂಡು, ಬೆಳಗ್ಗೆ ಖುಷಿಯಾಗಿ ಚಾರ್ಮಾಡಿ ಇಳಿಯಲು ಹೊರಟೆ. ಮೊದಲ ತಿರುವಿನಲ್ಲಿ ಕಾಲು ತೆಗೆದರೆ ಕಾರು ಹಿಡಿಯಲೇ ಇಲ್ಲ, ಸುಮ್ನೆ ಉರುಳುತ್ತಿದೆ. ತುಂಬಿದ ಕೊಡಕ್ಕೆ ಇನ್ನೆಲ್ಲಿ ನೀರು ಹಾಕುವುದು? ಬ್ಯಾಟರಿಯಲ್ಲಿ ಜಾಗ ಇಲ್ಲದಿದ್ದರೆ ರೀಜೆನ್ ಕೆಲಸ ಮಾಡುವುದಿಲ್ಲ. ಎದೆ ಧಸಕ್ ಅಂದಿತು, ಬ್ರೇಕ್ ತುಳಿದುಕೊಂಡೇ ಇಳಿದೆ. ಘಾಟಿಯ ಮೇಲೆ 80, 85ಕ್ಕೆ ಚಾರ್ಜ್ ನಿಲ್ಲಿಸಿ.

ಸದ್ದು ಹೋಗುತ್ತದೆ, ಅದಕ್ಕೆ ಸಮಾಧಾನ ಏನೂ ಇಲ್ಲ. ಸ್ಪೀಕರ್‌ನಲ್ಲಿ ಸದ್ದು ಹಾಕಿಕೊಡುತ್ತಾರೆ. ಮಹೀಂದ್ರಾದವರು ತಮ್ಮ ಎಲೆಕ್ಟ್ರಿಕ್ ಕಾರುಗಳಿಗೆ ಎ.ಆರ್. ರೆಹಮಾನ್ ಕೈಲೇ ಸದ್ದು ಮಾಡಿಸಿದ್ದಾರೆ. ಹ್ಯುಂಡೈ ಐಯೋನಿಕ್ 5 ಎನ್‌ನಲ್ಲಂತೂ ಇಲ್ಲದ ಎಂಟು ಗೇರುಗಳನ್ನು ಇದ್ದ ಹಾಗೆ ನಟಿಸಿ, ಗೇರ್ ಬದಲಿಸದಿದ್ದರೆ ರೆಡ್‌ಲೈನ್ (ಇಂಜಿನ್ ತಿರುಗುವ ಮಿತಿ) ಮುಟ್ಟಿ ಜಗ್ಗುವ ಹಾಗೂ ಮಾಡಿದ್ದಾರೆ. ಗೇರ್ ಕಿತ್ತುಹಾಕಿದವರೇ ಅದನ್ನು ಮತ್ತೆ ನಕಲು ಮಾಡಿ ಕೊಡುತ್ತಿದ್ದಾರೆ ಅಂದರೆ ಕೊರತೆ ಅವರಿಗೂ ಗೊತ್ತಾಗಿದೆ. ನಾನು ನನ್ನ ಕಾರಿನ ಸದ್ದು ಆಫ್ ಮಾಡಿಟ್ಟಿದ್ದೇನೆ. ಕಿಟಕಿ ಇಳಿಸಿದರೆ ಮಲೆನಾಡಿನಲ್ಲಿ ಜೀರುಂಡೆ ಕೇಳುತ್ತದೆ, ಅದು ಇಷ್ಟ ಆಯಿತು.

ನೀವು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಚೆನ್ನೈ ಟ್ರ್ಯಾಕ್‌ಗೋ ಹೋಗುವವರಾದರೆ ನನ್ನ ಸಲಹೆ ನೇರ, ಈ ಎಸ್‌ಯುವಿಗಳು ಅದಕ್ಕಲ್ಲ. ಮೇಲಿಂದ ಮೇಲೆ ಪೂರ್ತಿ ಒತ್ತಿದರೆ ಬ್ಯಾಟರಿ, ಮೋಟರ್ ಬಿಸಿಯಾಗುತ್ತವೆ, ಕಾರು ತಾನೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ಬ್ರೇಕ್‌ಗೆ 2 ಟನ್ನಿನ ಶಿಕ್ಷೆ. ಚಾರ್ಜಂತೂ ಬೇಗ ಖಾಲಿ.

ಇನ್ನೊಂದು ನಷ್ಟವನ್ನು ಯಾರೂ ಹೇಳುವುದಿಲ್ಲ. ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಲು ನೆಪ ಇಲ್ಲದಾಗುತ್ತದೆ. ಇಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಏರ್ ಇಂಟೇಕ್ ಬದಲಿಸುವ ಚರ್ಚೆ ಇಲ್ಲ, ಗ್ಯಾರೇಜ್ ಮುಂದೆ ಸ್ಟೂಲ್ ಹಾಕಿಕೊಂಡು ಟೀ ಕುಡಿಯುವ ಭಾನುವಾರ ಇಲ್ಲ. ಕೂಲೆಂಟ್, ಬ್ರೇಕ್ ಆಯಿಲ್, ಎಸಿ ಫಿಲ್ಟರ್, ಟೈರ್, ಮತ್ತೆ 12 ವೋಲ್ಟ್‌ನ ಚಿಕ್ಕ ಬ್ಯಾಟರಿ. ಮುಗಿಯಿತು. ಅಂದಹಾಗೆ, ಈ ಚಿಕ್ಕ ಬ್ಯಾಟರಿ ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ. ರೀಮ್ಯಾಪ್ ಹುಚ್ಚಿಗೂ ಇಲ್ಲಿ ಜಾಗ ಕಡಿಮೆ, ಸಾಫ್ಟ್‌ವೇರ್ ಬೀಗ ಕಂಪನಿ ಕೈಲಿರುತ್ತದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ನನ್ನ ಸೆಡಾನ್ ಊರೊಳಗೆ ಲೀಟರಿಗೆ 10 ಕೊಡುತ್ತಿತ್ತು, ಕಿಲೋಮೀಟರಿಗೆ 10 ರೂಪಾಯಿ. ಈಗ ಯೂನಿಟ್‌ಗೆ 6 ಕಿಲೋಮೀಟರ್, ಮನೆಯ ಕರೆಂಟಿನಲ್ಲಿ ಕಿಲೋಮೀಟರಿಗೆ ಒಂದೂಕಾಲು ರೂಪಾಯಿ ಹತ್ತಿರ. ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ಅದರ ಮೂರು ಪಟ್ಟು. ಹಾಸನದ ಹತ್ತಿರ ಒಂದು ಕಡೆ ಮೂರು ಮಷಿನ್‌ನಲ್ಲಿ ಒಂದೇ ಕೆಲಸ ಮಾಡುತ್ತಿತ್ತು, ಮುಂದೆ ಎರಡು ಕಾರು, ಮಸಾಲೆ ದೋಸೆ ತಿಂದು ಕಾಫಿ ಕುಡಿದು ಮತ್ತೊಂದು ಕಾಫಿ ಕುಡಿದರೂ ಸರದಿ ಬರಲಿಲ್ಲ. ಮನೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ಅಪಾರ್ಟ್‌ಮೆಂಟ್‌ನವರು ಒಪ್ಪುತ್ತಾರಾ ಅನ್ನುವುದನ್ನು ಬುಕಿಂಗ್‌ಗೆ ಮೊದಲೇ ಕೇಳಿ. ಒಪ್ಪದಿದ್ದರೆ ಈ ಲೆಕ್ಕವೆಲ್ಲ ಬಿದ್ದುಹೋಗುತ್ತದೆ.

ನಿಮ್ಮ ಟೆಸ್ಟ್ ಡ್ರೈವ್ ವಿಷಯಕ್ಕೆ ಬರೋಣ. ಪಿಕಪ್ ನೋಡಿ ದಂಗಾದೆ ಅಂದಿರಿ. ಶೋರೂಮ್‌ನವರು ತೋರಿಸುವುದೇ ಅದನ್ನು. ಆ ಮಜಾ ಎರಡು ಮೂರು ತಿಂಗಳಿಗೆ ಅಭ್ಯಾಸ ಆಗಿಬಿಡುತ್ತದೆ. ಇನ್ನೊಮ್ಮೆ ಹೋಗಿ, ಸೇಲ್ಸ್ ಹುಡುಗ ಸ್ಪೋರ್ಟ್ ಮೋಡ್ ಅಂದರೆ ಬೇಡ ಅನ್ನಿ. ಸಾದಾ ಮೋಡ್‌ನಲ್ಲಿ ಹಂಪ್ ಇರುವ ಗಲ್ಲಿ, ಕೆಟ್ಟ ತಿರುವು, ಗಟ್ಟಿ ಬ್ರೇಕ್ ನೋಡಿ. ಅಲ್ಲಿ ಕಾರು ಹಿಡಿಸಿದರೆ ಆರು ತಿಂಗಳ ಆಮೇಲೂ ಹಿಡಿಸುತ್ತದೆ. ನೀವು ಪೋಲೋದಲ್ಲಿ ಗೇರ್ ಹಾಕುವುದು ಬಹುಪಾಲು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲೇ ಆದರೆ ಕಳೆದುಕೊಳ್ಳುವುದು ಏನೂ ಇಲ್ಲ, ಕ್ಲಚ್ ಒತ್ತಿ ಒತ್ತಿ ನೋಯುವ ಮಂಡಿ ಮಾತ್ರ. ತಿಂಗಳಿಗೆರಡು ಸಲ ಬೆಳಗ್ಗೆ ಐದಕ್ಕೆ ಎದ್ದು ಒಬ್ಬರೇ ಘಾಟಿಗೆ ಹೋಗುವವರಾದರೆ, ಪಾರ್ಕಿಂಗ್ ಇದ್ದರೆ, ಪೋಲೋ ಇಟ್ಟುಕೊಳ್ಳಿ. 2022ರಲ್ಲಿ ಇಲ್ಲಿ ನಿಂತುಹೋದ ಕಾರು ಅದು, ಮಾರಿದರೆ ನಿಮ್ಮದರಷ್ಟು ಚೆನ್ನಾಗಿರುವುದು ಮತ್ತೆ ಸಿಗುವುದು ಕಷ್ಟ.

ಮಾರುವುದೇ ಆದರೆ ರೀಮ್ಯಾಪ್ ತೆಗೆಸಿ, ಕಂಪನಿಯ ಮೂಲ ಫೈಲ್ ವಾಪಸ್ ಹಾಕಿಸಿ. ಟ್ಯೂನ್ ಮಾಡಿದವರ ಬಳಿ ಅದು ಇರಬೇಕು, ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಕೊಳ್ಳುವವರಿಗೆ ಹಿಂದೆ ರೀಮ್ಯಾಪ್ ಆಗಿತ್ತು ಅಂತ ಬಾಯಿಬಿಟ್ಟು ಹೇಳಿ. ಒಂದಿಷ್ಟು ಚೌಕಾಸಿ ಮಾಡುತ್ತಾರೆ, ಮಾಡಲಿ.