ಕಡಲ ತಡಿಯಲ್ಲಿ ಫೆನ್ಸಿಂಗ್ ಸಲಕರಣೆ: ಮೊದಲ ರೂಪಾಯಿ ಎಲ್ಲಿಗೆ ಹೋಗಬೇಕು?

ಕಳೆದ ಜೂನ್‌ನಲ್ಲಿ, ಶಾಲೆಗಳು ಶುರುವಾದ ವಾರ, ಅಂಕೋಲಾ ಕಡೆಯ ತಂದೆಯೊಬ್ಬರು ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಕಾರವಾರದ ನಮ್ಮ ಫೆನ್ಸಿಂಗ್ (ಕತ್ತಿವರಸೆಯ ಆಟ) ತರಬೇತಿ ಕೊಠಡಿಗೆ ಬಂದರು. ಅವರ ಕೈಯಲ್ಲಿದ್ದ ಉದ್ದನೆಯ ಪೆಟ್ಟಿಗೆಯಲ್ಲಿ ಹೊರದೇಶದಿಂದ ತರಿಸಿದ ಎಲೆಕ್ಟ್ರಿಕ್ ಫಾಯಿಲ್, ಅಂದರೆ ಎದುರಾಳಿಗೆ ತಾಗಿದಾಗ ಅಂಕದ ಯಂತ್ರದ ದೀಪ ಹೊತ್ತಿಸುವ ಕತ್ತಿ, ಇತ್ತು. ಬ್ಲೇಡು ನಿಜಕ್ಕೂ ಒಳ್ಳೆಯದು. ಆದರೆ ಅದು ವಯಸ್ಕರು ಬಳಸುವ 5ನೇ ಅಳತೆಯದು, ಅಂದರೆ 90 ಸೆಂಟಿಮೀಟರ್ ಉದ್ದದ್ದು. ಆ ವಯಸ್ಸಿನ ಹುಡುಗನ ಕೈಗೆ 2ನೇ ಅಳತೆ ಸಾಕಿತ್ತು. ಇನ್ನೊಂದು ಚೀಲದಲ್ಲಿದ್ದ ಮಾಸ್ಕನ್ನು ತೆಗೆದು ಜಾಲರಿಯ ಮೇಲೆ ಎರಡೂ ಹೆಬ್ಬೆರಳುಗಳನ್ನು ಇಟ್ಟು ಒತ್ತಿದೆ. ಅದು ತಗಡಿನ ಡಬ್ಬಿಯಂತೆ ಒಳಕ್ಕೆ ಕುಸಿಯಿತು. ಗಂಟಲನ್ನು ಮುಚ್ಚುವ ಬಿಬ್ಬಿನ ಒಳಗೆ ತಯಾರಕರ ಗುರುತಾಗಲೀ ಸಾಮರ್ಥ್ಯದ ಅಂಕಿಯಾಗಲೀ ಇರಲಿಲ್ಲ. "ಕತ್ತಿಗೇ ದುಡ್ಡೆಲ್ಲ ಮುಗಿದುಹೋಯಿತು ಸರ್, ಮಾಸ್ಕು ಯಾವುದಾದರೂ ಆದೀತು ಅಂದುಕೊಂಡೆ" ಎಂದರು ಅವರು.

ಆ ತಂದೆಯನ್ನು ನಾನು ದೂರುವುದಿಲ್ಲ. ಫೆನ್ಸಿಂಗ್ ಎಂದೊಡನೆ ಕಣ್ಣಿಗೆ ಕಾಣುವುದು ಕತ್ತಿ. ಮಗುವಿಗೆ ಬೇಕೆನಿಸುವುದೂ ಅದೇ. ಆದರೆ ಸಲಕರಣೆಗಳ ದುರಸ್ತಿ ಮತ್ತು ತಪಾಸಣೆಯನ್ನೇ ಕೆಲಸವಾಗಿ ಮಾಡಿಕೊಂಡು ಬಂದ ನನಗೆ ತೋರುವ ಮಾತು ಬೇರೆ. ಖರೀದಿಯ ಪಟ್ಟಿಯನ್ನು ತಲೆಯಿಂದ ಶುರುಮಾಡಿ ಎದೆ, ಪಕ್ಕೆ, ಕೈ ಎಂದು ಇಳಿಯುತ್ತ ಹೋಗಬೇಕು, ಆಯುಧವನ್ನು ಕೊನೆಗೆ ಬರೆಯಬೇಕು. ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಅದರಲ್ಲಿ ಆರು ರೂಪಾಯಿ ಎದುರಾಳಿಯ ಬ್ಲೇಡಿಗೂ ಮಗುವಿನ ಮೈಗೂ ನಡುವೆ ನಿಲ್ಲುವ ವಸ್ತುಗಳಿಗೆ ಹೋಗಬೇಕು ಎಂಬುದು ನನ್ನ ಲೆಕ್ಕ.

ಈ ಕ್ರಮದ ಹಿಂದೆ ಒಂದು ಸಾವಿನ ನೆನಪಿದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಫಾಯಿಲ್ ಚಿನ್ನ ಗೆದ್ದಿದ್ದ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್, 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡುತ್ತಿದ್ದಾಗ ಎದುರಾಳಿಯ ಬ್ಲೇಡು ಮುರಿದು, ಮುರಿದ ತುದಿ ಮಾಸ್ಕಿನ ಜಾಲರಿಯನ್ನು ತೂರಿ ಕಣ್ಣಿನ ಮೂಲಕ ಮಿದುಳಿಗೆ ಇಳಿಯಿತು. ಕೆಲವು ದಿನಗಳ ನಂತರ ಅವರು ತೀರಿಕೊಂಡರು. ಅದಾದ ಮೇಲೆ ಅಂತರರಾಷ್ಟ್ರೀಯ ಫೆನ್ಸಿಂಗ್ ಒಕ್ಕೂಟ, ಅಂದರೆ ಎಫ್‌ಐಇ, ಮಾಸ್ಕು, ಬಟ್ಟೆ ಮತ್ತು ಬ್ಲೇಡು ಮೂರರ ನಿಯಮಗಳನ್ನೂ ಬಿಗಿಗೊಳಿಸಿತು. ಇಂದು ಈ ಆಟ ಸುರಕ್ಷಿತ ಎಂದು ನಾನು ಪೋಷಕರಿಗೆ ಧೈರ್ಯವಾಗಿ ಹೇಳಬಲ್ಲೆನಾದರೆ ಅದು ಆ ನಿಯಮಗಳ ಬಲದಿಂದಲೇ. ನಿಯಮಕ್ಕೆ ಒಳಪಡದ ಮಾಸ್ಕನ್ನು ಕೊಂಡವರು 1982ಕ್ಕಿಂತ ಹಿಂದಿನ ಕಾಲಕ್ಕೆ ಮಗುವನ್ನು ಕಳುಹಿಸಿದಂತೆಯೇ ಸರಿ.

ಸಲಕರಣೆಗಳ ಮೇಲೆ ಕಾಣುವ ನ್ಯೂಟನ್ ಅಂಕಿಯನ್ನು ಓದಲು ಕಲಿತರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ. ಬಟ್ಟೆ ತೂತಾಗದೆ ಎಷ್ಟು ಬಲವನ್ನು ತಡೆಯಬಲ್ಲದು ಎಂಬುದರ ಅಳತೆ ಅದು. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಭಾರ ಒತ್ತಿದಷ್ಟು ಎಂದು ಸ್ಥೂಲವಾಗಿ ತಿಳಿಯಬಹುದು. ಸಾಮಾನ್ಯ ಅಭ್ಯಾಸದ ಜಾಕೆಟ್ಟು 350 ನ್ಯೂಟನ್ನಿನದು, ಎಫ್‌ಐಇ ಒಪ್ಪಿದ ಜಾಕೆಟ್ಟು 800 ನ್ಯೂಟನ್ನಿನದು, ಎಫ್‌ಐಇ ಮಾಸ್ಕಿನ ಬಿಬ್ಬು 1600 ನ್ಯೂಟನ್ನಿನದು. ಗಂಟಲಿಗೆ ಉಳಿದ ಮೈಗಿಂತ ಇಮ್ಮಡಿ ರಕ್ಷಣೆ ಏಕೆಂದು ವಿವರಿಸಬೇಕಾಗಿಲ್ಲ.

ವೆಚ್ಚ ಮತ್ತು ಸುರಕ್ಷತೆಗಳ ನಡುವೆ ನಿಜವಾದ ಆಯ್ಕೆ ಎದುರಾಗುವುದು ಜಾಕೆಟ್ಟಿನಲ್ಲಿ. ಮಕ್ಕಳು ಬೆಳೆಯುತ್ತಾರೆ, 800 ನ್ಯೂಟನ್ ಜಾಕೆಟ್ಟು ಕೊಂಡ ಮರುವರ್ಷವೇ ತೋಳು ಗಿಡ್ಡವಾಗಿರುತ್ತದೆ. ಇಲ್ಲಿ ನಾನು ಕೊಡುವ ಸಲಹೆ ಎಂದರೆ, ಮಗುವಿಗೆ 350 ನ್ಯೂಟನ್ ಜಾಕೆಟ್ಟು ಕೊಡಿಸಿ, ಉಳಿದ ಹಣದಲ್ಲಿ 800 ನ್ಯೂಟನ್ನಿನ ಪ್ಲಾಸ್ಟ್ರಾನ್ ಕೊಡಿಸಿ. ಪ್ಲಾಸ್ಟ್ರಾನ್ ಎಂದರೆ ಜಾಕೆಟ್ಟಿನ ಒಳಗೆ ತೊಡುವ, ಆಯುಧ ಹಿಡಿಯುವ ಕೈಯ ಕಂಕುಳು ಮತ್ತು ಪಕ್ಕೆಯನ್ನು ಮುಚ್ಚುವ ಅರ್ಧ ಅಂಗಿ. ಬ್ಲೇಡು ಮುರಿದಾಗ ಹೆಚ್ಚಿನ ಅಪಾಯ ಇರುವುದು ಮುಂದಕ್ಕೆ ಚಾಚಿದ ಆ ಪಕ್ಕೆಗೇ. ಕೊಳ್ಳುವಾಗ ಅದರ ಕಂಕುಳ ಜಾಗದಲ್ಲಿ ಹೊಲಿಗೆ ಇಲ್ಲದಿರುವುದನ್ನು ಬೆರಳಿನಿಂದ ಸವರಿ ನೋಡಬೇಕು. ದೊಡ್ಡ ಸ್ಪರ್ಧೆಗೆ ಹೋಗುವ ಹೊತ್ತಿಗೆ ಮೈಬೆಳವಣಿಗೆ ಒಂದು ಹಂತಕ್ಕೆ ಬಂದಿರುತ್ತದೆ. ಆಗ, ಆ ಸ್ಪರ್ಧೆಯ ಸುತ್ತೋಲೆಯಲ್ಲಿ ಏನು ಕೇಳಿದ್ದಾರೆಂದು ಓದಿಕೊಂಡು, 800ರ ಜಾಕೆಟ್ಟು ಕೊಂಡರಾಯಿತು.

"ಮುಂದಿನ ವರ್ಷಕ್ಕೂ ಆಗಲಿ" ಎಂದು ಎರಡು ಅಳತೆ ದೊಡ್ಡ ಜಾಕೆಟ್ಟು ತರುವ ಅಭ್ಯಾಸ ನಮ್ಮಲ್ಲಿದೆ. ಶಾಲೆಯ ಸಮವಸ್ತ್ರಕ್ಕೆ ಅದು ಜಾಣತನ, ಇಲ್ಲಿ ಅಲ್ಲ. ಸಡಿಲ ಬಟ್ಟೆಯ ಮಡಿಕೆಯಲ್ಲಿ ಬ್ಲೇಡಿನ ತುದಿ ಸಿಕ್ಕಿಕೊಳ್ಳುತ್ತದೆ. ಹಾಗೆಂದು ಗಿಡ್ಡವೂ ಆಗಬಾರದು: ಮಗು ಆಟದ ನಿಲುವಿನಲ್ಲಿ ಮಂಡಿ ಬಗ್ಗಿಸಿ ನಿಂತಾಗ ಜಾಕೆಟ್ಟು ಚಡ್ಡಿಯ ಮೇಲೆ ಕನಿಷ್ಠ 10 ಸೆಂಟಿಮೀಟರ್ ಇಳಿದಿರಬೇಕೆಂಬುದು ನಿಯಮ. ಎಡಗೈ ಆಟಗಾರರಿಗೆ ಬೇರೆ ಜಾಕೆಟ್ಟು ಇರುತ್ತದೆ ಎಂಬುದನ್ನೂ ಮರೆಯಬಾರದು. ಜಾಕೆಟ್ಟಿನ ತೆರೆಯುವ ಅಂಚು ಆಯುಧದ ಕೈಯ ಕಡೆಗೆ ಬಂದರೆ ಬ್ಲೇಡು ಒಳನುಗ್ಗಲು ನಾವೇ ಬಾಗಿಲು ತೆರೆದಿಟ್ಟಂತಾಗುತ್ತದೆ. ಅಣ್ಣನ ಬಲಗೈ ಜಾಕೆಟ್ಟನ್ನು ಎಡಗೈಯ ತಂಗಿಗೆ ತೊಡಿಸಿ ಕಳುಹಿಸಿದ ಮನೆಗಳನ್ನು ನಾನು ಕಂಡಿದ್ದೇನೆ.

ಕೈಗವಸಿನ ತೋಳು ಮುಂಗೈಯ ಅರ್ಧದವರೆಗೆ, ಜಾಕೆಟ್ಟಿನ ತೋಳಿನ ಮೇಲೆ ಬರಬೇಕು. ಹುಡುಗಿಯರಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಎದೆಗವಚ ಕಡ್ಡಾಯ. ಎಳೆಯ ಹುಡುಗರಿಗೂ ಅದನ್ನು ಹಾಕಿಸುವುದು ಒಳ್ಳೆಯದು.

ಇನ್ನು ಆಯುಧ. ಫಾಯಿಲ್, ಎಪೆ, ಸೇಬರ್ ಎಂಬ ಮೂರು ಬಗೆಯ ಕತ್ತಿಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತೇವೆ ಎಂಬುದೇ ಖರ್ಚನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಎಪೆಯಲ್ಲಿ ಇಡೀ ಮೈಯೇ ಗುರಿಯಾದ್ದರಿಂದ ಲಾಮೆ, ಅಂದರೆ ಅಂಕ ಸಿಗುವ ಭಾಗವನ್ನು ಯಂತ್ರಕ್ಕೆ ಗುರುತಿಸಿಕೊಡುವ, ವಿದ್ಯುತ್ ಹರಿಯುವ ಲೋಹದ ಎಳೆಯ ಮೇಲಂಗಿ, ಬೇಕಾಗುವುದಿಲ್ಲ. ಫಾಯಿಲ್‌ಗೆ ಲಾಮೆಯ ಜೊತೆಗೆ ಮಾಸ್ಕಿನ ಬಿಬ್ಬಿಗೂ ಲೋಹದ ಪಟ್ಟಿ ಬೇಕು. ಸೇಬರ್‌ಗೆ ತೋಳುಳ್ಳ ಲಾಮೆ, ವಿದ್ಯುತ್ ಹರಿಯುವ ಮಾಸ್ಕು, ಕೈಗವಸಿನ ಮೇಲೆ ಲೋಹದ ಪಟ್ಟಿ ಎಲ್ಲವೂ ಬೇಕು. ಕರಾವಳಿಯ ಹವೆಯಲ್ಲಿ ಲಾಮೆಯಷ್ಟು ಬೇಗ ಕೆಡುವ ವಸ್ತು ಇನ್ನೊಂದಿಲ್ಲವಾದ್ದರಿಂದ, ಹೊಸದಾಗಿ ತರಬೇತಿ ಶುರುಮಾಡುವ ನಮ್ಮ ಕಡೆಯ ಶಾಲೆಗಳಿಗೆ ಎಪೆಯೇ ಮಿತವ್ಯಯದ ದಾರಿ ಎಂಬುದು ನನ್ನ ಅಭಿಪ್ರಾಯ. ಫಾಯಿಲ್‌ನಿಂದಲೇ ಅಡಿಪಾಯ ಹಾಕಬೇಕೆನ್ನುವ ತರಬೇತುದಾರರ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಎರಡನೇ ಮಳೆಗಾಲದಲ್ಲಿ ಎಲ್ಲ ಲಾಮೆಗಳೂ ಸತ್ತು, ದೀಪ ಹೊತ್ತದ ಯಂತ್ರದ ಮುಂದೆ ಮಕ್ಕಳು ನಿಲ್ಲುವಂತಾದರೆ ಆ ಅಡಿಪಾಯ ಉಳಿಯುವುದಿಲ್ಲ.

ಮೊದಲ ಕೆಲವು ತಿಂಗಳು ಎಲೆಕ್ಟ್ರಿಕ್ ಆಯುಧವೇ ಬೇಡ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮೊದಲ ಬಾರಿಗೆ ಫೆನ್ಸಿಂಗ್ ಆಡಿದ ಚೆನ್ನೈನ ಭವಾನಿ ದೇವಿ, ಶಾಲೆಯ ದಿನಗಳಲ್ಲಿ ಬಿದಿರಿನ ಕೋಲು ಹಿಡಿದು ಅಭ್ಯಾಸ ಮಾಡಿದವರು. ಕಾಲಿನ ನಡೆ, ಅಂತರದ ಅರಿವು ಇವೆರಡನ್ನು ಕಲಿಯಲು ದುಬಾರಿ ಉಕ್ಕು ಬೇಕಿಲ್ಲ. ಇದನ್ನು ಪೋಷಕರಿಗೆ ಹೇಳಿದಾಗ ಅವರ ಮುಖದಲ್ಲಿ ಬರುವ ನಿರಾಳತೆಯನ್ನು ನೋಡುವುದು ನನಗೆ ಇಷ್ಟ.

ಸ್ಪರ್ಧೆಯ ಬ್ಲೇಡು ಕೊಳ್ಳುವ ಕಾಲ ಬಂದಾಗ ಸಾಧಾರಣ ಇಂಗಾಲದ ಉಕ್ಕೋ ಮರೇಜಿಂಗ್ ಉಕ್ಕೋ ಎಂಬ ಪ್ರಶ್ನೆ ಏಳುತ್ತದೆ. ಮರೇಜಿಂಗ್ ಎಂಬುದು ನಿಕ್ಕಲ್ ಹೇರಳವಾಗಿ ಸೇರಿದ ಮಿಶ್ರಲೋಹ. ಅದರಲ್ಲಿ ಮೂಡಿದ ಬಿರುಕು ನಿಧಾನವಾಗಿ ಹಬ್ಬುತ್ತದೆ, ಆದ್ದರಿಂದ ಬ್ಲೇಡು ಹೆಚ್ಚು ಕಾಲ ಬಾಳುತ್ತದೆ. ವಾರಕ್ಕೆ ನಾಲ್ಕೈದು ದಿನ ಆಡುವವರಿಗೆ ಅದರ ಬೆಲೆ ಕೊನೆಗೆ ಹೊರೆಯೆನಿಸುವುದಿಲ್ಲ. ಆದರೆ ಅದಕ್ಕೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ತಪ್ಪು. ಅದು ಸ್ಟೇನ್‌ಲೆಸ್ ಅಲ್ಲ. ಕಡಲಿನ ಉಪ್ಪುಗಾಳಿಗೆ ಬ್ಲೇಡಿನ ಬೆಲೆ ತಿಳಿಯುವುದಿಲ್ಲ. ದುಬಾರಿ ಬ್ಲೇಡಿನ ಮೇಲೂ ಅದು ಸೂಜಿಮೊನೆಯಷ್ಟು ಕುಳಿಗಳನ್ನು ಕೊರೆಯುತ್ತದೆ, ಬಾಗಿ ನೆಟ್ಟಗಾಗುವ ಬ್ಲೇಡು ಕೊನೆಗೆ ಬಿರುಕು ಬಿಡುವುದು ಅಂಥ ಕುಳಿಯಿಂದಲೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಈ ಕೆಲಸಕ್ಕೆ ಬಂದ ಹೊಸದರಲ್ಲಿ, ಜುಲೈನ ಒಂದು ವಾರ ಮಳೆಗೆ ತರಗತಿಗಳು ನಿಂತಾಗ, ಮಕ್ಕಳ ಲಾಮೆಗಳನ್ನೂ ಬಾಡಿ ಕಾರ್ಡುಗಳನ್ನೂ (ಆಯುಧವನ್ನು ಅಂಕದ ಯಂತ್ರಕ್ಕೆ ಜೋಡಿಸಲು ಬಟ್ಟೆಯೊಳಗೆ ಹಾಯಿಸುವ ತಂತಿ) ಮಾಸ್ಕುಗಳನ್ನೂ ಒಂದು ಕಬ್ಬಿಣದ ಟ್ರಂಕಿನಲ್ಲಿ ಭದ್ರವಾಗಿ ಮುಚ್ಚಿಟ್ಟೆ. ಬೆವರು ಆರಿರಲಿಲ್ಲ. ತೆರೆದಾಗ ಲಾಮೆಗಳ ಕಂಕುಳು ಹಸಿರುಗಟ್ಟಿತ್ತು, ಮಾಸ್ಕಿನ ಒಳಪಟ್ಟಿಗೆ ಬೂಷ್ಟು ಹಿಡಿದಿತ್ತು, ಅಗ್ಗದ ಮಾಸ್ಕುಗಳ ಜಾಲರಿ ಗಲ್ಲದ ಬಳಿ ಕೆಂಪಾಗಿತ್ತು. ಆ ಲಾಮೆಗಳಿಗೆ ಮಲ್ಟಿಮೀಟರ್ ಹಿಡಿದರೆ, 5 ಓಮ್ ಮೀರಬಾರದ ಜಾಗದಲ್ಲಿ ಮುಳ್ಳು ಅಲುಗಲೇ ಇಲ್ಲ. ಬಡ ಮಕ್ಕಳಿಗಾಗಿ ಊರವರು ಕೂಡಿಸಿಕೊಟ್ಟ ಹಣದ ವಸ್ತುಗಳವು. ಅಂದಿನಿಂದ ಕಾರವಾರದಲ್ಲಿ ಸಲಕರಣೆಯ ಬೆಲೆಯನ್ನು ಅಂಗಡಿಯ ಚೀಟಿಯಿಂದ ಮಾತ್ರ ಅಳೆಯುವುದನ್ನು ಬಿಟ್ಟೆ. ಅದು ಎಷ್ಟು ಮಳೆಗಾಲ ದಾಟೀತು ಎಂದು ಕೇಳಿ ಕೊಳ್ಳುತ್ತೇನೆ. ಅಗ್ಗದ ಲೇಪನದ ಜಾಲರಿಯ ಮಾಸ್ಕಿಗೂ ಸ್ಟೇನ್‌ಲೆಸ್ ಉಕ್ಕಿನ ಜಾಲರಿಯ ಮಾಸ್ಕಿಗೂ ಇರುವ ಬೆಲೆಯ ಅಂತರ ಒಳನಾಡಿನವರಿಗೆ ಹೆಚ್ಚೆನಿಸೀತು. ನಮಗೆ ಎರಡನೆಯದೇ ಅಗ್ಗ.

ಆಟ ಮುಗಿದೊಡನೆ ಮಕ್ಕಳು ಮಾಡುವ ಒಂದು ಕೆಲಸವನ್ನು ತಪ್ಪಿಸಿದರೆ ಮಾಸ್ಕಿನ ಆಯಸ್ಸು ಎಷ್ಟೋ ಹೆಚ್ಚುತ್ತದೆ: ಒದ್ದೆ ಕೈಗವಸನ್ನು ಮಾಸ್ಕಿನೊಳಗೆ ತುರುಕಿ ಚೀಲಕ್ಕೆ ಹಾಕುವುದು. ಬೆವರಿನ ಉಪ್ಪು ರಾತ್ರಿಯಿಡೀ ಜಾಲರಿಯ ಮೇಲೆ ಕೂರುತ್ತದೆ. ಮನೆಗೆ ಹೋದ ಕೂಡಲೇ ಚೀಲವನ್ನು ಪೂರ್ತಿ ಖಾಲಿ ಮಾಡಿ, ಮಾಸ್ಕನ್ನು ಒಣಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿಗೆ ಬೋರಲಾಗಿ ಇಡಬೇಕು. ಲಾಮೆಯನ್ನು ಆಗಾಗ ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ, ಚೆನ್ನಾಗಿ ಜಾಲಿಸಿ, ಹಿಂಡದೆ, ಮಡಿಸದೆ ತೂಗುಹಾಕಬೇಕು. ಬ್ಲೇಡಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಸವರಬಹುದು, ಆದರೆ ತುದಿಯ ಬಟನ್ನಿನ ಒಳಕ್ಕೂ ತಂತಿ ಕೂತ ತೋಡಿಗೂ ಅದು ಇಳಿಯಬಾರದು. ತೆಂಗಿನೆಣ್ಣೆ ಕೈಗೆ ಸಿಗುತ್ತದೆಂದು ಅದನ್ನು ಹಚ್ಚುವವರಿದ್ದಾರೆ. ಅದು ಕೆಲ ದಿನಗಳಲ್ಲಿ ಅಂಟಾಗಿ ಧೂಳನ್ನು ಹಿಡಿದಿಡುತ್ತದೆ.

ಶಿರಸಿ, ಸಿದ್ದಾಪುರದ ಕಡೆಯಿಂದ ಬರುವ ಮಕ್ಕಳ ಜಾಕೆಟ್ಟುಗಳಲ್ಲಿ ಹೊಗೆಯ ವಾಸನೆ ಬಂದರೆ ನಾನು ತಕ್ಷಣ ವಿಚಾರಿಸುತ್ತೇನೆ. ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ ಒಣಗಿಸುವುದು ಮಲೆನಾಡಿನ ಮನೆಗಳ ವಾಡಿಕೆ, ಅದು ಬಿಡಿಸಲಾಗದ ವಾಡಿಕೆಯೂ ಹೌದು. ಆದರೆ ರಕ್ಷಣೆಯ ಬಟ್ಟೆಯ ನೂಲು ಅತಿಯಾದ ಶಾಖಕ್ಕೆ ಶಕ್ತಿ ಕಳೆದುಕೊಳ್ಳಬಲ್ಲದು. ಅರಾಮಿಡ್ ಎಂಬ ಗಟ್ಟಿ ಕೃತಕ ನೂಲನ್ನು ಬಿರುಬಿಸಿಲೂ ಕ್ಲೋರಿನ್ ಬ್ಲೀಚೂ ಸವೆಸುತ್ತವೆ, ಹೊರಗಿನಿಂದ ನೋಡಿದರೆ ಬಟ್ಟೆ ಬೆಳ್ಳಗೆ ಹೊಸದರಂತೆಯೇ ಇರುತ್ತದೆ. ಒಲೆಯಿಂದ ದೂರ, ಜಗಲಿಯ ನೆರಳಿನಲ್ಲಿ ಎರಡು ದಿನ ಹೆಚ್ಚು ಹಿಡಿದರೂ ಸರಿ, ಗಾಳಿಗೇ ಒಣಗಲಿ.

ಬಳಸಿದ ಸಲಕರಣೆ ಕೊಳ್ಳುವುದು ತಪ್ಪಲ್ಲ, ಅದರಲ್ಲಿ ವಿವೇಚನೆ ಬೇಕು. ಚಡ್ಡಿ, ನ್ಯೂಟನ್ ಸಂಖ್ಯೆ ಸ್ಪಷ್ಟವಾಗಿ ಕಾಣುವ ಜಾಕೆಟ್ಟು, ಕತ್ತಿ ಹಿಡಿದ ಕೈಯನ್ನು ಕಾಯುವ ಗಾರ್ಡು, ಹಿಡಿ ಇವನ್ನು ಹಳೆಯವಾದರೂ ಕೊಳ್ಳಬಹುದು. ಬ್ಲೇಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಫಾಯಿಲ್ ಅಥವಾ ಎಪೆಯಾದರೆ ಬಾಗು 1 ಸೆಂಟಿಮೀಟರಿಗಿಂತ ಕಡಿಮೆ ಇದ್ದು ಸಮವಾಗಿದ್ದರೆ ತೆಗೆದುಕೊಳ್ಳಬಹುದು; ಒಂದೇ ಕಡೆ ಮೊಣಕೈಯಂತೆ ಮಡಿದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹಿನ್ನೆಲೆ ತಿಳಿಯದ ಮಾಸ್ಕನ್ನು ಮಾತ್ರ ಯಾರಿಗೂ ನಾನು ಶಿಫಾರಸು ಮಾಡುವುದಿಲ್ಲ. ಸ್ಪರ್ಧೆಯ ತಪಾಸಣಾ ಮೇಜಿನಲ್ಲಿ 12 ಕಿಲೋಗೆ ಹೊಂದಿಸಿದ ಮೊನೆಯ ಸಾಧನದಿಂದ ಜಾಲರಿಯನ್ನು ಒತ್ತಿ ನೋಡುತ್ತಾರೆ. ಆ ಪರೀಕ್ಷೆಯಲ್ಲಿ ಗೆದ್ದ ಗುರುತಿರುವ, ತಗ್ಗು ಬೀಳದ, ಹಿಂಬದಿಯ ಎರಡೂ ಪಟ್ಟಿಗಳು ಗಟ್ಟಿಯಾಗಿರುವ ಮಾಸ್ಕಾದರೆ ಮಾತು ಬೇರೆ. ನಮ್ಮ ತೇವದಲ್ಲಿ ಎಲಾಸ್ಟಿಕ್ ಬೇಗ ಸಡಿಲವಾಗುವುದರಿಂದ ಪಟ್ಟಿಯನ್ನು ಎಳೆದು ನೋಡದೆ ಹಣ ಕೊಡಬಾರದು. ಕೊಂಡ ಮೇಲೆ ಮಗುವಿಗೆ ಹಾಕಿಸಿ, ತಲೆಯನ್ನು ಬಲವಾಗಿ ಅತ್ತಿತ್ತ ಆಡಿಸಲು ಹೇಳಿ. ಮಾಸ್ಕು ತಲೆಯೊಡನೆ ತಿರುಗಬೇಕು, ತಲೆಯ ನಂತರ ಅಲ್ಲ.

ಇಷ್ಟೆಲ್ಲವನ್ನೂ ಒಂದೇ ಕುಟುಂಬ ಹೊರಬೇಕಾಗಿಲ್ಲ. ನಮ್ಮಲ್ಲಿ ಆಯುಧ, ಲಾಮೆ, ಬಾಡಿ ಕಾರ್ಡು, ಅಂಕದ ಯಂತ್ರ ಇವು ಸಂಸ್ಥೆಯವು. ಮೂರು ಅಳತೆಯ ಮಾಸ್ಕುಗಳೂ, ಮೊದಲ ವರ್ಷಕ್ಕೆ ಜಾಕೆಟ್ಟುಗಳೂ ಸಂಸ್ಥೆಯಲ್ಲಿವೆ. ಕುಟುಂಬದವರು ಮೊದಲ ವರ್ಷ ಕೊಳ್ಳಬೇಕಾದದ್ದು ಕೈಗವಸು ಮತ್ತು ಪ್ಲಾಸ್ಟ್ರಾನ್, ಎರಡನೇ ವರ್ಷ ಮಾಸ್ಕು ಮತ್ತು ಜಾಕೆಟ್ಟು. ಅಂಕೋಲೆಯ ಆ ತಂದೆಗೂ ಇದನ್ನೇ ಹೇಳಿದೆ. ಅವರು ತಂದಿದ್ದ ಬ್ಲೇಡನ್ನು ನಮ್ಮ ಹಿರಿಯ ಆಟಗಾರ್ತಿಯೊಬ್ಬಳು ನ್ಯಾಯವಾದ ಬೆಲೆಗೆ ತೆಗೆದುಕೊಂಡಳು, ಆ ಹಣದಲ್ಲಿ ಹುಡುಗನಿಗೆ ಒಂದು ಒಳ್ಳೆಯ ಮಾಸ್ಕೂ ಪ್ಲಾಸ್ಟ್ರಾನೂ ಬಂದವು. ಹಳೆಯ ಮಾಸ್ಕನ್ನು ಅವರು ನನ್ನ ಬಳಿಯೇ ಬಿಟ್ಟುಹೋದರು. ಗುಜರಿಗೆ ಕೊಡುವ ಮೊದಲು ಅದರ ಜಾಲರಿಯನ್ನು ಕತ್ತರಿಯಿಂದ ಅಡ್ಡಲಾಗಿ ಸೀಳಿ, ಬಿಬ್ಬನ್ನು ಹರಿದು ಹಾಕಿದೆ. ಇಲ್ಲವಾದರೆ ಅಂಥದ್ದು ಇನ್ನೊಬ್ಬರ ಮನೆಯ ಮಗುವಿನ ತಲೆಗೆ ಹೋಗಿ ಕೂರುತ್ತದೆ.