ಕಡಲ ಉಪ್ಪಿನಲ್ಲಿ ಕಡಲಿನ ಅಯೋಡಿನ್ ಎಲ್ಲಿ?

ಥೈರಾಯ್ಡ್ ತೊಂದರೆ ಇದ್ದವರು ಪ್ಯಾಕೆಟ್ ಉಪ್ಪು ಬಿಟ್ಟು ಕಲ್ಲುಪ್ಪನ್ನೋ ಸೈಂಧವ ಲವಣವನ್ನೋ ಬಳಸಬೇಕೆಂಬ ಉಪದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಜೊತೆಗೊಂದು ತರ್ಕ: ಅಯೋಡಿನ್ನಿನ ತವರು ಸಮುದ್ರ, ಆದ್ದರಿಂದ ಕಡಲ ಉಪ್ಪಿನಲ್ಲಿ ಅದು ತಾನಾಗಿಯೇ ಇರುತ್ತದೆ. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ ಕುಸಿಯುತ್ತದೆ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅಯೋಡಿನ್ ಸುಮಾರು 60 ಮೈಕ್ರೋಗ್ರಾಂ ಅಷ್ಟೇ. ಅಷ್ಟೂ ಉಪ್ಪಿಗೇ ಅಂಟಿಕೊಂಡಿತು ಎಂದುಕೊಂಡರೂ 10 ಗ್ರಾಂ ಉಪ್ಪಿನಲ್ಲಿ ಸಿಗುವುದು 17 ಮೈಕ್ರೋಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150. ಅಸಲಿಗೆ ಅಷ್ಟೂ ಸಿಗುವುದಿಲ್ಲ. ಉಪ್ಪು ಹರಳುಗಟ್ಟುವಾಗ ಅಯೋಡಿನ್ನಿನ ಬಹುಪಾಲು ಉಳಿದ ನೀರಿನಲ್ಲೇ ನಿಂತುಬಿಡುತ್ತದೆ. ಅಯೋಡಿನ್ ಬೆರೆಸಿದ ಪ್ಯಾಕೆಟ್ ಉಪ್ಪಾದರೋ ನಮ್ಮ ಕೈ ಸೇರುವಾಗ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಹೊಂದಿರಬೇಕೆಂಬುದು ನಿಯಮ. ಹಾಗೆಂದು ಉಪ್ಪನ್ನು ಹೆಚ್ಚಾಗಿ ತಿನ್ನಬೇಕಿಲ್ಲ. ಹಾಲು, ಮೊಟ್ಟೆ, ಮೀನುಗಳಿಂದಲೂ ಅಯೋಡಿನ್ ಬರುತ್ತದೆ.

ಈ ಕಣಗಾತ್ರದ ವಸ್ತುವಿಗೆ ಇಷ್ಟು ರಂಪ ಏಕೆ? ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನು ಥೈರಾಕ್ಸಿನ್. ಅದರ ಒಂದೊಂದು ಅಣುವಿಗೂ ನಾಲ್ಕು ಅಯೋಡಿನ್ ಪರಮಾಣು ಬೇಕು, ಬದಲಿ ಇಲ್ಲ. ಹಾರ್ಮೋನು ಕಡಿಮೆಯಾದದ್ದು ತಿಳಿದೊಡನೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನಾದ ಟಿಎಸ್‌ಎಚ್ ಸುರಿಸುತ್ತದೆ. ಆಗ ಥೈರಾಯ್ಡ್, ಕೊಳವೆಬಾವಿ ಬತ್ತಿದಾಗ ಪಕ್ಕದಲ್ಲೇ ಇನ್ನೆರಡು ಕೊರೆಸುವ ರೈತನಂತೆ, ರಕ್ತದಲ್ಲಿ ಇದ್ದಬದ್ದ ಅಯೋಡಿನ್ ಹೀರಲು ಜೀವಕೋಶಗಳನ್ನು ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ. ಕತ್ತಿನಲ್ಲಿ ಉಬ್ಬುವ ಗಳಗಂಡ ಇದೇ.

ಇದನ್ನು ನಮ್ಮ ದೇಶದಲ್ಲಿ ಸಾಬೀತುಪಡಿಸಿದ್ದು ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆ. ಅಲ್ಲಿನ ಮಣ್ಣಿನ ಅಯೋಡಿನ್ ಮಳೆಗೆ, ಹಿಮನದಿಗಳಿಗೆ ಕೊಚ್ಚಿಹೋಗಿತ್ತು. 1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಮೂರನೆಯದಕ್ಕೆ ಬರೀ ಉಪ್ಪು. ಆರು ವರ್ಷಗಳಲ್ಲಿ ಆ ಎರಡು ವಲಯಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು, ಮೂರನೆಯದರಲ್ಲಿ ಇದ್ದಂತೆಯೇ ಇತ್ತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಯೋಡೈಡ್, ಅಯೋಡೇಟ್ ಎರಡೂ ಅಯೋಡಿನ್ನಿನ ಸಂಯುಕ್ತಗಳೇ. ನಮ್ಮ ಉಪ್ಪಿಗೆ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಬೆರೆಸುವುದಕ್ಕೂ ಕಾರಣವಿದೆ: ತೇವದ ಹವೆಯಲ್ಲಿ ಅಯೋಡೈಡ್ ಬೇಗ ನಷ್ಟವಾಗುತ್ತದೆ.

ಹಾಗಾದರೆ ಪ್ಯಾಕೆಟ್ ಉಪ್ಪು ತಿನ್ನುವವರಿಗೂ ಥೈರಾಯ್ಡ್ ಮಾತ್ರೆ ಏಕೆ? ಅಯೋಡಿನ್ ಸಾಕಷ್ಟು ಸಿಗುವ ಕಡೆ ಹೈಪೊಥೈರಾಯ್ಡಿಗೆ, ಅಂದರೆ ಥೈರಾಯ್ಡ್ ಹಾರ್ಮೋನಿನ ಕೊರತೆಗೆ, ಬಹುಮಟ್ಟಿಗೆ ಕಾರಣ ಹಶಿಮೊಟೊ ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ಏರಿಹೋಗುತ್ತದೆ. ಅದಕ್ಕೆ ಅಯೋಡಿನ್ ಮದ್ದಲ್ಲ. ಕಡಲಕಳೆಯ ಮಾತ್ರೆಗಳಿಂದ ಅಯೋಡಿನ್ ಮಿತಿಮೀರಿದರೆ ತೊಂದರೆ ಹೆಚ್ಚಲೂಬಹುದು. ಎಲೆಕೋಸಿನ ಪಲ್ಯ ಥೈರಾಯ್ಡಿಗೆ ಕೆಟ್ಟದ್ದೆಂದು ಮಾತ್ರ ಸುಮ್ಮನೆ ದೂರುತ್ತಾರೆ. ಬೇಯಿಸಿ ಹಿತಮಿತವಾಗಿ ತಿಂದರೆ ಅದರಿಂದ ಅಪಾಯವಿಲ್ಲ. ಕೋಸಿಗೆ ಹೆದರುವ ಬದಲು ಬೆಳಗಿನ ಫಿಲ್ಟರ್ ಕಾಫಿಯ ಹೊತ್ತನ್ನು ಗಮನಿಸಬೇಕು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದ ಮೇಲೆ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ನಾಲ್ಕು ಗಂಟೆ ಬಿಟ್ಟು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು. ಇಲ್ಲವಾದರೆ ಔಷಧಿ ಸರಿಯಾಗಿ ರಕ್ತ ಸೇರುವುದಿಲ್ಲ.